ಅನುದಾನ ಹುಡುಕಾಟ ಸಂಶೋಧನಾ ಪೇಪರಿನ ಕೊನೆಯಿಂದ ಶುರುವಾಗಲಿ

ಗೂಗಲ್‌ನಲ್ಲಿ ‘ರಿಸರ್ಚ್ ಗ್ರಾಂಟ್’ ಅಂತ ಹುಡುಕುವ ಮೊದಲು, ನಿಮ್ಮ ವಿಷಯದಲ್ಲೇ ಈಚೆಗೆ ಬಂದ ಹದಿನೈದು–ಇಪ್ಪತ್ತು ಪೇಪರ್ ತೆಗೆದು ಕೊನೆಯ ಕೃತಜ್ಞತೆಯ ಭಾಗ ಓದಿ. ದುಡ್ಡು ಕೊಟ್ಟವರು ಯಾರು, ಗ್ರಾಂಟ್ ಸಂಖ್ಯೆ ಏನು ಎಂಬುದು ಸಾಮಾನ್ಯವಾಗಿ ಅಲ್ಲೇ ಇರುತ್ತೆ. ಆ ಸಂಖ್ಯೆಯನ್ನು ಅನುದಾನ ಕೊಟ್ಟ ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿದರೆ ಎಷ್ಟೋ ಸಲ ಮೊತ್ತ, ಅವಧಿ, ಯೋಜನೆಯ ಸಾರಾಂಶ ಕೂಡ ಸಿಗುತ್ತೆ. ಎಂಥ ಕೆಲಸಕ್ಕೆ ಅವರು ಕೈಬಿಚ್ಚುತ್ತಾರೆ ಅನ್ನೋದು ಜಾಹೀರಾತಿಗಿಂತ ಇಲ್ಲೇ ಚೆನ್ನಾಗಿ ಗೊತ್ತಾಗೋದು.

ಆಮೇಲೆ ಅರ್ಹತೆಯ ಸಾಲು. ಪಿಎಚ್‌ಡಿ ಮುಗಿಸಿದವರಿಗೆ ಕೊಡುವ ಯುರೋಪಿನ ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್ಪನ್ನೇ ನೋಡಿ: ಅರ್ಜಿಯ ಕೊನೆ ದಿನಕ್ಕೆ ಹಿಂದಿನ 36 ತಿಂಗಳಲ್ಲಿ, ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ನೆಲೆಸಿದ್ದರೆ ಸಾಮಾನ್ಯವಾಗಿ ಅವಕಾಶವಿಲ್ಲ. ಪ್ರಪೋಸಲ್ ಎಷ್ಟೇ ಚೆನ್ನಾಗಿರಲಿ, ಪ್ರಯೋಜನವಿಲ್ಲ.

ಇನ್ನೊಂದು, ಅನುದಾನ ಕೊಡುವ ಸಂಸ್ಥೆ ಹಾಕಿದ ಕೊನೆ ದಿನವೇ ನಿಮ್ಮ ಕೊನೆ ದಿನ ಅಲ್ಲ. ಬಜೆಟ್, ಓವರ್‌ಹೆಡ್ (ವಿಶ್ವವಿದ್ಯಾಲಯ ತನ್ನ ಸಾಮಾನ್ಯ ಖರ್ಚಿಗೆ ಹಿಡಿಯುವ ಪಾಲು) ನೋಡಿ ವಿಶ್ವವಿದ್ಯಾಲಯದ ಕಚೇರಿ ಸಹಿ ಹಾಕಲು ದಿನಗಳು ಬೇಕು. ಕೆಲವು ಅನುದಾನಗಳಿಗೆ ಒಂದು ವಿಶ್ವವಿದ್ಯಾಲಯದಿಂದ ಒಂದೇ ಹೆಸರು ಹೋಗಬೇಕು, ಆ ಒಳಗಿನ ಆಯ್ಕೆ ಬಹಳ ಮೊದಲೇ ಮುಗಿದಿರುತ್ತೆ. ಶಿಫಾರಸು ಪತ್ರದ ಲಿಂಕ್ ಕೆಲವು ಪೋರ್ಟಲ್‌ಗಳಲ್ಲಿ ನೀವು ಗುರುಗಳ ಹೆಸರು ತುಂಬಿದ ಮೇಲಷ್ಟೇ ಅವರಿಗೆ ಹೋಗೋದು. ಖಾತೆ ತೆರೆದ ದಿನವೇ ಅದನ್ನು ತುಂಬಿ, ಅವರ ಸ್ಪ್ಯಾಮ್ ಫೋಲ್ಡರ್ ನೋಡಲು ಹೇಳಿ.