ಸ್ಪೈನಲ್ ನಂತರದ ನಡುಕ: ಸೂಜಿಗೆ ಮುಂಚಿನ 15 ನಿಮಿಷ

ಸಿಸೇರಿಯನ್ ಟೇಬಲ್ ಮೇಲೆ ತಾಯಿಯ ದವಡೆ, ಭುಜ ಗಡಗಡ ಅಂದಕೂಡಲೇ ಎಲ್ಲರೂ ಏಸಿಯನ್ನು ಬೈಯುತ್ತಾರೆ. ಏಸಿಯದು ಅರ್ಧ ತಪ್ಪು ಮಾತ್ರ. ಸ್ಪೈನಲ್, ಅಂದರೆ ಬೆನ್ನಿಗೆ ಚುಚ್ಚಿ ಕೊಡುವ ಅರಿವಳಿಕೆ, ಕೊಟ್ಟಾಗ ಕೆಳಗಿನ ರಕ್ತನಾಳಗಳು ಹಿಗ್ಗಿ, ಒಡಲಿನ ಬಿಸಿಯೆಲ್ಲ ಕಾಲಿಗೆ ಇಳಿಯುತ್ತದೆ. ಮೊದಲ ಗಂಟೆಯಲ್ಲೇ ಒಳಗಿನ ತಾಪ ಅರ್ಧದಿಂದ ಒಂದು ಡಿಗ್ರಿ ಸೆಲ್ಸಿಯಸ್ ಕುಸಿಯಬಹುದು. ಮರಗಟ್ಟಿದ ಕಾಲು ನಡುಗಲಾರದು, ಮೇಲ್ಭಾಗವಷ್ಟೇ ನಡುಗುತ್ತದೆ.

ಆದ್ದರಿಂದ ಬಿಸಿಗಾಳಿಯ ಹೊದಿಕೆಯನ್ನು ನಾನು ಸೂಜಿ ಹಾಕುವ 15 ನಿಮಿಷ ಮುಂಚೆಯೇ ಹೊದಿಸುತ್ತೇನೆ. ಕಾಲು ಮೊದಲೇ ಬೆಚ್ಚಗಿದ್ದರೆ ಒಡಲಿನ ಬಿಸಿ ಅಲ್ಲಿಗೆ ಹರಿಯುವುದು ಕಡಿಮೆ. ಬಿಸಿಗಾಳಿಯ ಯಂತ್ರವಿಲ್ಲದಿದ್ದರೆ ಓಟಿಯನ್ನು (ಶಸ್ತ್ರಚಿಕಿತ್ಸೆಯ ಕೋಣೆಯನ್ನು) 24 ಡಿಗ್ರಿಗೆ ಏರಿಸಿ, ಒಣ ಕಂಬಳಿ ಹೊದಿಸಿ. ಬೆನ್ನು ಒರೆಸಿದ ಸ್ಪಿರಿಟ್‌ನಿಂದ ಒದ್ದೆಯಾದ ಬಟ್ಟೆಯ ಮೇಲೆಯೇ ಮಲಗಿಸಬೇಡಿ. ಗ್ಲೌಸಿಗೆ ಬಿಸಿನೀರು ತುಂಬಿ ಕಾಲ ಬಳಿ ಇಡುವುದಂತೂ ಬೇಡವೇ ಬೇಡ. ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ಆಕೆಗೆ ಗೊತ್ತಾಗುವುದಿಲ್ಲ.

ಕೋಣೆಯ ತಾಪದ ಒಂದು ಲೀಟರ್ ಡ್ರಿಪ್ ಮೈತಾಪವನ್ನು ಸುಮಾರು ಕಾಲು ಡಿಗ್ರಿ ಇಳಿಸುತ್ತದೆ. ಬೆಚ್ಚಗಿನ ಬಾಟಲಿಯನ್ನು ವೇಗವಾಗಿ ಹರಿಸಿದರೆ ಮಾತ್ರ ಲಾಭ. ನಿಧಾನಕ್ಕೆ ಹನಿಸಿದರೆ ಟ್ಯೂಬಿನಲ್ಲೇ ತಣ್ಣಗಾಗುತ್ತದೆ.

ಸ್ಪೈನಲ್‌ನಲ್ಲಿ ಮರಗಟ್ಟಿಸುವ ಔಷಧವಾದ 0.5% ಹೆವಿ ಬ್ಯುಪಿವಕೇನ್ 2 ಮಿ.ಲೀ. ಜೊತೆ ನೋವುನಿವಾರಕ ಫೆಂಟನಿಲ್ 15 ಮೈಕ್ರೋಗ್ರಾಂ ಸೇರಿಸುತ್ತೇನೆ. ಅಂದರೆ 50 ಮೈಕ್ರೋಗ್ರಾಂ/ಮಿ.ಲೀ. ಆಂಪೂಲ್‌ನಿಂದ 0.3 ಮಿ.ಲೀ.; ಇದನ್ನು 1 ಮಿ.ಲೀ. ಸಿರಿಂಜಿನಲ್ಲೇ ಅಳೆಯಬೇಕು. ಕೆಲವರಿಗೆ ಮೂಗು ತುರಿಸುತ್ತದೆ, ಆದರೆ ನಡುಕ ಕಡಿಮೆಯಾಗುವುದು ಎದ್ದು ಕಾಣುತ್ತದೆ.

ಇಷ್ಟಾದರೂ ನಡುಗಿದರೆ ಆಮ್ಲಜನಕ ಹಾಕಿ, ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಪೆಥಿಡಿನ್ 25 ಮಿ.ಗ್ರಾಂ., ಅಂದರೆ 50 ಮಿ.ಗ್ರಾಂ/ಮಿ.ಲೀ. ಆಂಪೂಲ್‌ನ ಅರ್ಧ ಮಿ.ಲೀ.ಯನ್ನು 5 ಮಿ.ಲೀ.ಗೆ ತೆಳುಮಾಡಿ ನಿಧಾನಕ್ಕೆ ಕೊಡಿ, ಉಸಿರಾಟದ ಮೇಲೆ ಕಣ್ಣಿರಲಿ. ಪೆಥಿಡಿನ್ ಸಿಗದಿದ್ದರೆ ಟ್ರಾಮಡಾಲ್ ಕಿಲೋಗೆ ಅರ್ಧ ಮಿ.ಗ್ರಾಂ. ಅದು ವಾಂತಿ ತರಿಸುವುದರಿಂದ ಒಂಡಾನ್ಸೆಟ್ರಾನ್ 4 ಮಿ.ಗ್ರಾಂ ಮೊದಲೇ ಹೋಗಿರಲಿ. ಮೂರ್ಛೆರೋಗ ಇದ್ದವರಿಗೆ ಪೆಥಿಡಿನ್, ಟ್ರಾಮಡಾಲ್ ಎರಡೂ ಬೇಡ. ಖಿನ್ನತೆಯ ಮಾತ್ರೆ ನುಂಗುತ್ತಿದ್ದರೆ ಯಾವ ಮಾತ್ರೆ ಎಂದು ಕೇಳದೆ ಎರಡನ್ನೂ ಮುಟ್ಟಬೇಡಿ.

ನಡುಗುವ ಕೈಯಲ್ಲಿ ಬಿಪಿ ಯಂತ್ರ ಸುಳ್ಳು ಹೇಳುತ್ತದೆ, ಇಸಿಜಿ ಗೆರೆ ಗಾಬರಿ ಹುಟ್ಟಿಸುತ್ತದೆ. ಮೊದಲು ನಾಡಿ ಹಿಡಿದು ನೋಡಿ. ಆಕ್ಸಿಜನ್ ಕ್ಲಿಪ್ಪನ್ನು ಕಾಲ್ಬೆರಳಿಗೆ ಹಾಕಿದರೆ ಅಲೆ ಸ್ವಚ್ಛವಾಗಿ ಬರುತ್ತದೆ: ಆ ಕಾಲು ಅಲುಗುವುದಿಲ್ಲ, ಬೆಚ್ಚಗೂ ಇರುತ್ತದೆ.

ಔಷಧ ಏರಿಸುವ ಮುಂಚೆ ಥರ್ಮಾಮೀಟರ್ ಇಡಿ. ರಕ್ತಸ್ರಾವಕ್ಕೆ ಮಿಸೊಪ್ರೊಸ್ಟಾಲ್ ಕೊಟ್ಟಿದ್ದರೆ ನಡುಕದ ಜೊತೆ ಜ್ವರವೂ ಬರಬಹುದು, ಆಗ ಹೊದಿಕೆ ತೆಗೆಯಬೇಕು. ಚೀಲದಿಂದ ರಕ್ತ ಏರಿಸುತ್ತಿರುವಾಗ ಚಳಿಜ್ವರ ಬಂದರೆ ಮೊದಲು ಏರಿಸುವುದನ್ನು ನಿಲ್ಲಿಸಿ, ಚೀಲದ ಮೇಲಿನ ಹೆಸರು, ಗುಂಪು ಮತ್ತೆ ಓದಿ.