ಬೋರ್ಡ್ ಬದಲಿಸಿ ಎಂದರು, ಬದಲಿಸಿದ್ದು ಎರಡು ತಂತಿ: ನನ್ನ ಅನುಭವ

ನನ್ನ ಲ್ಯಾಪ್‌ಟಾಪ್‌ನಲ್ಲಿ ಪದೇ ಪದೇ ಕಡಿಯುತ್ತಿದ್ದ ವೈಫೈ ಸರಿಯಾಗಿದೆ. ದುರಸ್ತಿಗೆ ಖರ್ಚಾದದ್ದು 350 ರೂಪಾಯಿಯ ಆಸುಪಾಸು. ಊರಿನ ರಿಪೇರಿ ಅಂಗಡಿಯೊಂದರಲ್ಲಿ ಇದೇ ಲ್ಯಾಪ್‌ಟಾಪ್‌ಗೆ "ಮದರ್‌ಬೋರ್ಡ್ ಹೋಗಿದೆ ಸರ್, ಒಂಬತ್ತು ಸಾವಿರದವರೆಗೂ ಆಗಬಹುದು" ಎಂದಿದ್ದರು. ಪಕ್ಕದ ಜೆರಾಕ್ಸ್ ಅಂಗಡಿಯ ಹುಡುಗನಂತೂ "ಅಣ್ಣಾ, ಅದರ ಮೇಲೆ ಇನ್ನು ದುಡ್ಡು ಹಾಕಬೇಡಿ, ಹೊಸದು ತೆಗೆದುಕೊಳ್ಳಿ" ಎಂದು ದಿನವೂ ಹೇಳುತ್ತಿದ್ದ. ಇಬ್ಬರಿಗೂ ಈಗ ತೋರಿಸಿ ಬಂದಿದ್ದೇನೆ.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನನ್ನದು ಆನ್‌ಲೈನ್ ಅರ್ಜಿ ತುಂಬುವ ಸಣ್ಣ ಅಂಗಡಿ. ಜೂನ್ ಬಂತೆಂದರೆ ಕಾಲೇಜು ಪ್ರವೇಶ, ವಿದ್ಯಾರ್ಥಿವೇತನ, ಜಾತಿ ಆದಾಯ ಪ್ರಮಾಣಪತ್ರ ಎಂದು ಜಗಳೂರು, ಚನ್ನಗಿರಿ ಕಡೆಯಿಂದಲೂ ಬಸ್ ಹತ್ತಿ ಬರುತ್ತಾರೆ. ಶುಲ್ಕ ಕಟ್ಟುವ ಹೊತ್ತಿಗೆ ಸಂಪರ್ಕ ಕಡಿದರೆ ಖಾತೆಯಿಂದ ಹಣ ಹೋಗಿರುತ್ತದೆ, ರಸೀದಿ ಬಂದಿರುವುದಿಲ್ಲ. ದಿನದ ಕೂಲಿ ಬಿಟ್ಟು ಬಂದವರ ಎದುರು ಹಾಗಾದರೆ ನನಗೆ ಊಟ ಸೇರುವುದಿಲ್ಲ. ಈ ಲ್ಯಾಪ್‌ಟಾಪ್‌ಗೆ ಇಂಟರ್ನೆಟ್ ತಂತಿಯನ್ನು ನೇರ ಚುಚ್ಚುವ ಲ್ಯಾನ್ ಪೋರ್ಟ್ ಕೂಡ ಇಲ್ಲ.

ಇಂಥ ತೊಂದರೆ ಬಂದವರು ಸಾಫ್ಟ್‌ವೇರ್ ಕಡೆಯದನ್ನೆಲ್ಲ ಮಾಡಿಯೇ ಇರುತ್ತಾರೆ, ಬೇಗ ಮುಗಿಸುತ್ತೇನೆ. ಡ್ರೈವರ್ (ವೈಫೈ ಸಾಧನವನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶ) ತೆಗೆದು ಮತ್ತೆ ಹಾಕಿದೆ, ಹಳೆಯ ಡ್ರೈವರ್‌ಗೂ ಮರಳಿದೆ. ವಿದ್ಯುತ್ ಉಳಿಸಲು ಸಾಧನವನ್ನು ಆರಿಸಬಹುದೆಂಬ ಟಿಕ್ ತೆಗೆದೆ. ವಿಂಡೋಸ್ ಬೇಗ ಚಾಲೂ ಆಗಲು ಇರುವ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿದೆ, ನೆಟ್‌ವರ್ಕ್ ರೀಸೆಟ್ ಮಾಡಿದೆ. ಚಾರ್ಜರ್ ಕಿತ್ತು ಪವರ್ ಬಟನ್ ಅರ್ಧ ನಿಮಿಷ ಒತ್ತಿಯೂ ಹಿಡಿದೆ. ಕೊನೆಗೆ ಪೆನ್‌ಡ್ರೈವ್‌ನಿಂದ ವಿಂಡೋಸ್ ಬದಲಿಗೆ ಉಬುಂಟು ಎಂಬ ಬೇರೆ ಕಾರ್ಯವ್ಯವಸ್ಥೆ ಹಚ್ಚಿ ನೋಡಿದರೆ ಅಲ್ಲಿಯೂ ಅದೇ ಗೋಳು. ವಿಂಡೋಸ್ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು. ನನ್ನನ್ನು ಕೇಳಿದರೆ ಇದನ್ನೇ ಮೊದಲು ಮಾಡಬೇಕು, ಡ್ರೈವರ್ ಹಿಂದೆ ಅಲೆಯುವುದು ತಪ್ಪುತ್ತದೆ.

ಆಮೇಲೆ ಎಲ್ಲರೂ ಹೇಳಿದ್ದು ಲ್ಯಾಪ್‌ಟಾಪ್ ಒಳಗಿನ ವೈಫೈ ಕಾರ್ಡ್ ಬದಲಿಸಿ ಎಂದು. ಮೊದಲು ಇದ್ದ ಕಾರ್ಡನ್ನೇ ಬಿಚ್ಚಿ, ಅದರ ಹೊಂಬಣ್ಣದ ತುದಿಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ. ಮಂಡಕ್ಕಿ ಭಟ್ಟಿಗಳ ಸುತ್ತಿನ ಮನೆಗಳಿಂದ ನನ್ನ ಬಳಿ ರಿಪೇರಿಗೆ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಆ ತುದಿಗಳ ಮೇಲೆ ಮಸಿ ಕೂತಿರುತ್ತದೆ, ಎಷ್ಟೋ ಸಲ ಇಷ್ಟರಲ್ಲೇ ಕೆಲಸ ಆಗಿದೆ. ನನ್ನದರಲ್ಲಿ ಆಗಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಇಂಟೆಲ್ ಎಎಕ್ಸ್ 210 ಎಂಬ ಹೊಸ ಕಾರ್ಡ್ ತರಿಸಿದೆ. 1,700 ರೂಪಾಯಿ ಇರಬೇಕು. ಎಎಕ್ಸ್ 201 ಮತ್ತು 211 ನೋಡಲು ಇದರಂತೆಯೇ ಇರುತ್ತವೆ, ಆದರೆ ಅವು ಸಿಎನ್‌ವಿಐ (ವೈಫೈ ಕೆಲಸದ ಒಂದು ಪಾಲನ್ನು ಇಂಟೆಲ್ ಚಿಪ್ಪೇ ಮಾಡುವ ವ್ಯವಸ್ಥೆ) ಇರುವ ಇಂಟೆಲ್ ಯಂತ್ರಗಳಿಗೆ ಮಾತ್ರ. ಎಎಮ್‌ಡಿ ಪ್ರೊಸೆಸರ್‌ನ ಲ್ಯಾಪ್‌ಟಾಪ್‌ಗೆ 201 ತಂದು ಹಣ ಕಳೆದುಕೊಂಡವರನ್ನು ಕಂಡಿದ್ದೇನೆ. ಹೊಸ ಕಾರ್ಡ್ ಹಾಕಿದರೂ ಅಂಗಡಿಯ ಒಳಗೇ, ರೂಟರ್‌ನಿಂದ ಹತ್ತು ಹೆಜ್ಜೆಯಲ್ಲಿ, ಸಿಗ್ನಲ್ ಶೇ 25ರಿಂದ 30. ಅದೇ ಜಾಗದಲ್ಲಿ ಮೊಬೈಲ್‌ಗೆ ಎಲ್ಲ ಗೆರೆಗಳೂ ತುಂಬಿರುತ್ತಿದ್ದವು. "ನಾನು ಮೊದಲೇ ಹೇಳಿರಲಿಲ್ಲವೇ, ಬೋರ್ಡ್" ಎಂದು ಆ ರಿಪೇರಿ ಅಂಗಡಿಯವರು ಫೋನಿನಲ್ಲೇ ತೀರ್ಪು ಕೊಟ್ಟರು.

ದಾರಿ ತೆರೆದದ್ದು ಯಾರೂ ಮಾಡಲು ಹೇಳದ ಒಂದು ಪರೀಕ್ಷೆಯಿಂದ. ಕಾರ್ಡಿಗೆ ಚುಚ್ಚಿದ್ದ, ಸಿಗ್ನಲ್ ತಂದುಕೊಡುವ ಎರಡೂ ಆಂಟೆನಾ ತಂತಿಗಳನ್ನು ಕಿತ್ತು ಲ್ಯಾಪ್‌ಟಾಪ್ ಚಾಲೂ ಮಾಡಿದೆ. ವಿಂಡೋಸ್‌ನಲ್ಲಿ ಆದೇಶ ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್‌ನಲ್ಲಿ 'netsh wlan show interfaces' ಕೊಟ್ಟರೆ ಸಿಗ್ನಲ್ ಶೇಕಡಾ ಲೆಕ್ಕದಲ್ಲಿ ಬರುತ್ತದಲ್ಲ, ಅದನ್ನು ನೋಡುತ್ತ ಕೂತೆ. ಮತ್ತೆ ಶೇ 25! ತಂತಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಆಂಟೆನಾ ಚೆನ್ನಾಗಿದ್ದಿದ್ದರೆ ಕಿತ್ತ ಕೂಡಲೇ ಸಿಗ್ನಲ್ ಧೊಪ್ಪನೆ ಬೀಳಬೇಕಿತ್ತು. ಕಾರ್ಡೂ ಸರಿ, ಬೋರ್ಡೂ ಸರಿ, ಕಾರ್ಡಿನಿಂದ ಪರದೆಯ ಮೇಲಂಚಿನವರೆಗೆ ಹೋಗುವ ತಂತಿಯೇ ಸತ್ತಿದೆ ಎಂದು ಆಗ ಖಾತ್ರಿಯಾಯಿತು. ಗಿರಾಕಿಗೆ ತೋರಿಸಲು ದಿನಕ್ಕೆ ನೂರು ಸಲ ಪರದೆ ವಾಲಿಸುವ ಕೆಲಸ ನಮ್ಮದು, ತಂತಿ ಹಾದುಹೋಗುವುದು ಹಿಂಜ್ (ಪರದೆ ತಿರುಗುವ ಕೀಲು) ಒಳಗೇ. ತಂತಿ ಮತ್ತೆ ಚುಚ್ಚಿ ಪರದೆಯನ್ನು ಮೆಲ್ಲಗೆ ಮುಂದಕ್ಕೆ ತಂದೆ. ಅರ್ಧ ಮುಚ್ಚಿದ ಒಂದು ಕೋನದಲ್ಲಿ ಸಿಗ್ನಲ್ ಶೇ 70ಕ್ಕೆ ಏರಿತು, ಸ್ವಲ್ಪ ಹಿಂದೆ ತಳ್ಳಿದೊಡನೆ ಇಳಿಯಿತು. ಆ ರಾತ್ರಿ ಅಂಗಡಿಯಲ್ಲಿ ಒಬ್ಬನೇ ಇದ್ದೆ, ಎದ್ದು ನಿಂತು ಚಪ್ಪಾಳೆ ಹೊಡೆದೆ.

ಬದಲಿ ತಂತಿಗೆ ಗುಜರಿ ಅಂಗಡಿಗೆ ಹೋದೆ. ಒಡೆದ ಪರದೆಯ, ಆಂಟೆನಾ ತಂತಿ ಇರುವ ಹಳೆಯ ಮುಚ್ಚಳವೊಂದು 150 ರೂಪಾಯಿಗೆ ಸಿಕ್ಕಿತು, ಆದರೆ ಅದರ ಕನೆಕ್ಟರ್ ದೊಡ್ಡದು. ಹಳೆಯ ಉದ್ದ ಕಾರ್ಡ್‌ಗಳ ಕಾಲದ ಕನೆಕ್ಟರ್, ನನ್ನದರಂಥ ಚಿಕ್ಕ ಎಂ.2 ಕಾರ್ಡಿಗೆ ಕೂರುವುದಿಲ್ಲ. ಎರಡನೆಯ ಮುಚ್ಚಳಕ್ಕೆ 200 ಕೊಟ್ಟೆ, ಅದು ಕೂತಿತು. ಅಳವಡಿಸುವ ಮೊದಲು ಮಲ್ಟಿಮೀಟರನ್ನು ಬೀಪ್‌ಗೆ (ಕರೆಂಟಿನ ದಾರಿ ಕಡಿಯದಿದ್ದರೆ ಸದ್ದು ಮಾಡುವಂತೆ) ಇಟ್ಟು, ಕನೆಕ್ಟರಿನ ನಡುವಿನ ಚುಕ್ಕಿ ಮತ್ತು ಹೊರಬಳೆಗೆ ಮುಟ್ಟಿಸಿದೆ. ಗುಜರಿಯ ಆಂಟೆನಾ ಎರಡರಲ್ಲೂ ಬೀಪ್. ನನ್ನದರಲ್ಲಿ ಒಂದು ಪೂರ್ತಿ ಮೌನ, ಇನ್ನೊಂದು ಹಿಂಜ್ ಅಲುಗಿಸಿದಾಗ ಮಾತ್ರ ಬೀಪ್. ಎಲ್ಲ ಆಂಟೆನಾಗಳೂ ಹೀಗೆ ಬೀಪ್ ಅನ್ನುವ ಜಾತಿಯವಲ್ಲ, ಹೋಲಿಸಲು ಒಳ್ಳೆಯದೊಂದು ಕೈಯಲ್ಲಿರಬೇಕು. ಪರದೆಯ ಪ್ಯಾನೆಲ್ ಬಿಚ್ಚದೆ ಹೊಸ ತಂತಿಯನ್ನು ಹಿಂಜ್ ದಾಟಿಸಿದ ಉಪಾಯವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ಒಂದು ಭಾನುವಾರವೇ ಹೋಗಿದೆ. ಬ್ಯಾಟರಿಯ ಕನೆಕ್ಟರ್ ಮೊದಲು ಕೀಳಬೇಕೆಂದು ನಿಮಗೆ ಹೇಳಬೇಕಿಲ್ಲ.

ನಡುವೆ ಒಂದಿಷ್ಟು ದಿನ 450 ರೂಪಾಯಿಯ ಯುಎಸ್‌ಬಿ ಡಾಂಗಲ್ (ಹೊರಗಿನಿಂದ ಚುಚ್ಚುವ ವೈಫೈ ಸಾಧನ) ಹಾಕಿ ಕೆಲಸ ಸಾಗಿಸಿದ್ದೆ. ಅದು ಕೆಲವೊಮ್ಮೆ ಕಾರಣವಿಲ್ಲದೆ ಸಾಯುತ್ತಿತ್ತು. ಬೆನ್ನು ಹತ್ತಿ ನೋಡಿದರೆ, ಪಕ್ಕದ ನೀಲಿ ಯುಎಸ್‌ಬಿ 3.0 ಪೋರ್ಟ್‌ಗೆ ಹಾರ್ಡ್‌ಡಿಸ್ಕ್ ಚುಚ್ಚಿ ಸ್ಕ್ಯಾನ್ ಫೈಲುಗಳನ್ನು ನಕಲಿಸುವಾಗ ಮಾತ್ರ. ಯುಎಸ್‌ಬಿ 3.0 ಕೆಲಸ ಮಾಡುವಾಗ ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲೇ ಗದ್ದಲ ಎಬ್ಬಿಸುತ್ತದೆ. 2012ರಲ್ಲಿ ಇಂಟೆಲ್ ಕಂಪನಿಯೇ ಈ ಬಗ್ಗೆ ಪ್ರಬಂಧ ಹೊರತಂದಿತ್ತು. ಡಾಂಗಲನ್ನು ಒಂದು ಅಡಿ ಉದ್ದದ ಎಕ್ಸ್‌ಟೆನ್ಷನ್ ವೈರಿನ ತುದಿಗೆ ಒಯ್ದೆ, ತೊಂದರೆ ನಿಂತಿತು. ರೂಟರ್‌ನ ಚಾನೆಲನ್ನು (ಆ ತರಂಗಪಟ್ಟಿಯಲ್ಲಿ ವೈಫೈ ಸಾಗುವ ಓಣಿ) 13ರಿಂದ 6ಕ್ಕೂ ತಂದೆ. ನಮ್ಮ ದೇಶದಲ್ಲಿ 13 ನಡೆಯುತ್ತದೆ, ಆದರೆ ಕೆಲವು ಲ್ಯಾಪ್‌ಟಾಪ್‌ಗಳಿಗೆ ಅದು ಕಾಣುವುದೇ ಇಲ್ಲ.

ಈಗ ಹಳೆಯ ಕಾರ್ಡ್ ಮತ್ತು ಹೊಸ ತಂತಿಯಲ್ಲೇ ಅಂಗಡಿಯೊಳಗೆ ಶೇ 85ರ ಮೇಲಿದೆ, ಪರದೆಯನ್ನು ಹೇಗೆ ವಾಲಿಸಿದರೂ. ಎಎಕ್ಸ್ 210 ಏನಾಯಿತೆಂದರೆ, ವಿದ್ಯಾನಗರದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಇದೇ ದೂರು ಹೊತ್ತು ಬಂದ. ಅವನದರಲ್ಲೂ ತಂತಿ ಕಿತ್ತು ನೋಡಿದೆ. ಸಿಗ್ನಲ್ ಕೂಡಲೇ ಬಿತ್ತು, ಅಂದರೆ ಆಂಟೆನಾ ಗಟ್ಟಿ. ಆದರೂ ಕಾರ್ಡ್ ಹತ್ತು ನಿಮಿಷಕ್ಕೊಮ್ಮೆ ವಿಂಡೋಸ್ ಸಾಧನಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರ್‌ನಿಂದಲೇ ಮಾಯವಾಗುತ್ತಿತ್ತು. ನನ್ನ 210 ಹಾಕಿದೆ, ಮಾಯವಾಗುವುದು ನಿಂತಿತು. ಕೊಂಡ ಬೆಲೆಗೇ ಅವನಿಗೆ ಕೊಟ್ಟೆ, ಕೂಲಿ ಮಾತ್ರ 200 ತೆಗೆದುಕೊಂಡೆ.