ಎಂಆರ್‌ಐ ಫಿಲ್ಮ್ ಹಿಡಿಯುವ ಮುನ್ನ ದೇಹದ ಮೂರು ಸಮತಲ ತಿಳಿಯಿರಿ

ಸೊಂಟನೋವಿಗೆ ಎಂಆರ್‌ಐ ಮಾಡಿಸಿದವರ ರಿಪೋರ್ಟಿನಲ್ಲಿ ‘ಸ್ಯಾಜಿಟಲ್’, ‘ಆಕ್ಸಿಯಲ್’ ಎಂದಿರುತ್ತದೆ. ಕಾಯಿಲೆಯ ಹೆಸರೇನೋ ಎಂದು ಹೆದರುವವರಿದ್ದಾರೆ. ಅಲ್ಲ, ದೇಹವನ್ನು ಯಾವ ಕಡೆಯಿಂದ ಸೀಳಿದಂತೆ ನೋಡಿದ್ದಾರೆ ಎಂದಷ್ಟೇ ಅದರ ಅರ್ಥ. ಪಠ್ಯಪುಸ್ತಕದಲ್ಲಿ ಇವನ್ನು ಸಮತಲ ಎನ್ನುತ್ತಾರೆ. ನಿಮ್ಮ ಮೈಮೇಲೇ ಗುರುತು ಮಾಡಿಕೊಂಡು ಕಲಿಯಿರಿ, ಮರೆಯುವುದಿಲ್ಲ.

ಮೊದಲು ನೆಟ್ಟಗೆ ನಿಲ್ಲಿ. ನೋಟ ಮುಂದಕ್ಕಿರಲಿ. ಕೈ ಇಳಿಬಿಟ್ಟು ಅಂಗೈಯನ್ನು ಮುಂದಕ್ಕೆ ತಿರುಗಿಸಿ. ಆಗ ಹೆಬ್ಬೆರಳು ಹೊರಗಡೆಗೆ ಬರುತ್ತದೆ. ರೋಗಿ ಮಲಗಿರಲಿ, ಬೋರಲಾಗಿರಲಿ, ವೈದ್ಯರು ಮುಂದೆ-ಹಿಂದೆ, ಮೇಲೆ-ಕೆಳಗೆ ಅನ್ನುವುದು ಈ ನಿಲುವಿನ ಲೆಕ್ಕದಲ್ಲೇ.

ಈಗ ಹಣೆಯ ನಡುವಿನಿಂದ ಮೂಗು, ಎದೆ, ಹೊಕ್ಕುಳಿನ ಮೇಲೆ ಬೆರಳು ಎಳೆಯಿರಿ. ಅಲ್ಲಿ ಸೀಳಿದರೆ ದೇಹ ಎಡ, ಬಲ ಎಂದು ಎರಡಾಗುತ್ತದೆ. ಇದು ಸ್ಯಾಜಿಟಲ್. ನಡುಗೆರೆಯಿಂದ ಆಚೀಚೆ ಸರಿದು ಅದೇ ದಿಕ್ಕಿನಲ್ಲಿ ಸೀಳಿದರೂ ಹೆಸರು ಇದೇ.

ಕಿವಿಯಿಂದ ನೆತ್ತಿ ದಾಟಿ ಇನ್ನೊಂದು ಕಿವಿಗೆ ಗೆರೆ ಎಳೆದು, ಭುಜ, ಪಕ್ಕೆಗಳ ಮೇಲೆ ಇಳಿಸಿ. ಹೊಟ್ಟೆ ಮುಂದೆ, ಬೆನ್ನು ಹಿಂದೆ ಉಳಿಯಿತಲ್ವಾ? ಇದು ಕೊರೋನಲ್. ಸೌತೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿದಂತೆ ಅಡ್ಡಕ್ಕೆ ಸೀಳಿದರೆ ಆಕ್ಸಿಯಲ್.

ಇನ್ನು ಫಿಲ್ಮನ್ನು ಬೆಳಕಿಗೆ ಹಿಡಿಯಿರಿ. ಸೊಂಟದ ಸ್ಯಾಜಿಟಲ್ ಚಿತ್ರದಲ್ಲಿ ಎಲ್1ರಿಂದ ಎಲ್5ರವರೆಗಿನ ಸೊಂಟದ ಐದು ಬೆನ್ನುಮೂಳೆಗಳು ಒಂದರ ಮೇಲೊಂದು ಕೂತಿರುತ್ತವೆ. ನಡುವೆ ಇರುವ ಮೆತ್ತೆಯೇ ಡಿಸ್ಕ್. ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ನೀರಿನಂಶ ಇರುವ ಡಿಸ್ಕ್ ಬೆಳ್ಳಗೆ, ಒಣಗಿದ್ದು ಕಪ್ಪಗೆ ಕಾಣುತ್ತದೆ. ತೊಂದರೆ ಜಾಸ್ತಿ ಬರುವುದು ಕೆಳಗಿನ ಎರಡರಲ್ಲಿ: ಎಲ್4-ಎಲ್5, ಎಲ್5-ಎಸ್1 (ಎಸ್1 ಎಂದರೆ ಎಲ್5ರ ಕೆಳಗಿನ ಮೂಳೆ). ಯಾವ ಮಟ್ಟದಲ್ಲಿ ಡಿಸ್ಕ್ ಉಬ್ಬಿದೆ ಎಂದು ಇಲ್ಲಿ ಗೊತ್ತಾಗುತ್ತದೆ. ಎಡದ ನರ ಒತ್ತಿದೆಯೋ ಬಲದ್ದೋ ಎಂದು ಸರಿಯಾಗಿ ನೋಡಲು ಆಕ್ಸಿಯಲ್ ಚಿತ್ರ ಬೇಕು. ಒಂದೇ ಸಮತಲ ನೋಡಿ ತೀರ್ಮಾನಕ್ಕೆ ಬರಬಾರದು ಅನ್ನುವುದು ಇದಕ್ಕೇ.

ಹೆಚ್ಚಿನವರು ತಪ್ಪುವುದು ಇಲ್ಲಿ. ಆಕ್ಸಿಯಲ್ ಚಿತ್ರವನ್ನು ಅಂಗಾತ ಮಲಗಿದವರ ಪಾದದ ಕಡೆಯಿಂದ ನೋಡಿದಂತೆ ಇಡುತ್ತಾರೆ. ಹೊಟ್ಟೆ ಮೇಲೆ, ಬೆನ್ನು ಕೆಳಗೆ. ರೋಗಿಯ ಬಲಭಾಗ ಚಿತ್ರದ ಎಡಕ್ಕೆ ಬರುತ್ತದೆ. ಅಂಚಿನಲ್ಲಿರುವ ‘ಆರ್’ (ಬಲ), ‘ಎಲ್’ (ಎಡ) ಗುರುತು ನೋಡಿ ಖಾತ್ರಿ ಮಾಡಿಕೊಳ್ಳಿ. ಎಡಗಾಲಿಗೆ ನೋವು ಇಳಿಯುತ್ತಿದ್ದರೆ ಚಿತ್ರದ ಬಲಗಡೆ ಹುಡುಕಿ.

ಉಬ್ಬು ಕಂಡ ತಕ್ಷಣ ಗಾಬರಿ ಬೇಡ. ನೋವೇ ಇಲ್ಲದವರಲ್ಲೂ ಉಬ್ಬಿದ ಡಿಸ್ಕ್ ಇರುವುದುಂಟು. ನಿಮ್ಮ ನೋವಿಗೂ ಚಿತ್ರದಲ್ಲಿ ಕಂಡದ್ದಕ್ಕೂ ತಾಳೆಯಾಗುತ್ತದೆಯೇ ಎಂದು ವೈದ್ಯರನ್ನೇ ಕೇಳಿ.